ಮುಟ್ಟು ನಿಲ್ಲುವಾಗ ಹಾರ್ಮೋನ್ ಚಿಕಿತ್ಸೆ: ಬೇಕೋ ಬೇಡವೋ, ನಿರ್ಧರಿಸುವುದು ಹೇಗೆ?

“ಅಕ್ಕಾರ, ಹಾರ್ಮೋನ್ ಗುಳಿಗಿ ನುಂಗಿದ್ರ ಕ್ಯಾನ್ಸರ್ ಬರತೈತೇನ್ರಿ?” ಈ ಪ್ರಶ್ನೆ ಬಾಗಲಕೋಟೆಯಿಂದ ಬರುತ್ತದೆ, ಇಂಡಿಯಿಂದ ಬರುತ್ತದೆ, ಗೋಕಾಕದಿಂದ ಬರುತ್ತದೆ. ಅದರ ಬೆನ್ನಿಗೇ ಇನ್ನೊಂದು: “ನುಂಗಲಿಲ್ಲಂದ್ರ ಇನ್ನ ಎಷ್ಟ ವರ್ಷ ಹಿಂಗ ಕುದೀಬೇಕ್ರಿ?” ಕೇಳುವವರಲ್ಲಿ ಹೆಚ್ಚಿನವರು 42ರಿಂದ 55ರ ನಡುವಿನವರು. ಕೆಲವರಿಗೆ ಇನ್ನೂ 40 ಕೂಡ ಆಗಿರುವುದಿಲ್ಲ. ಆದರೆ ಗರ್ಭಚೀಲ ತೆಗೆಸಿಕೊಂಡು ಆಗಲೇ ಐದಾರು ವರ್ಷವಾಗಿರುತ್ತದೆ.

ನಾನು ವೈದ್ಯೆಯಲ್ಲ. ವಿಜಯಪುರದಲ್ಲಿ ಹೆಣ್ಣುಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿ ದುಡಿದವಳು. ಗುಳಿಗೆ ಬರೆದುಕೊಡುವುದು ನನ್ನ ಕೆಲಸವಲ್ಲ, ಇದನ್ನು ಓದಿ ನೀವು ಅಂಗಡಿಯಿಂದ ತಂದು ನುಂಗುವುದೂ ಬೇಡ. ಆದರೆ ವೈದ್ಯರ ಮುಂದೆ ಕೂತಾಗ ಏನು ಹೇಳಬೇಕು, ಏನು ಕೇಳಬೇಕು, ಯಾವ ಕಾಗದ ಒಯ್ಯಬೇಕು ಎಂದು ಗೊತ್ತಿದ್ದರೆ ಅರ್ಧ ದಾರಿ ಕ್ರಮಿಸಿದಂತೆ. “ಈ ಗುಳಿಗೆ ಒಳ್ಳೆಯದೋ ಕೆಟ್ಟದ್ದೋ” ಎಂದು ಕೇಳಿದರೆ ಯಾರೂ ಸರಿಯಾದ ಉತ್ತರ ಕೊಡಲಾರರು. “ನನ್ನ ವಯಸ್ಸಿಗೆ, ನನ್ನ ಮೈಗೆ, ಯಾವ ರೂಪದಲ್ಲಿ, ಎಷ್ಟು ದಿನ” ಎಂದು ಕೇಳಿ. ಆಗ ಉತ್ತರ ಸಿಗುತ್ತದೆ.

ಮೊದಲು ಕೆಲವು ಪದಗಳು

ಋತುಬಂಧ ಎಂದರೆ ಮುಟ್ಟು ಪೂರ್ತಿ ನಿಲ್ಲುವುದು. ಸತತ 12 ತಿಂಗಳು ಮುಟ್ಟಾಗದಿದ್ದರೆ ಮಾತ್ರ ಹಾಗೆ ಕರೆಯುತ್ತಾರೆ. ನಮ್ಮ ದೇಶದಲ್ಲಿ ಇದು ಸರಾಸರಿ 46–47ರ ಆಸುಪಾಸಿನಲ್ಲಿ ಆಗುತ್ತದೆ. ಅದಕ್ಕೆ ಮೊದಲಿನ ಕೆಲವು ವರ್ಷ ಮುಟ್ಟು ಏರುಪೇರಾಗುತ್ತದೆ. ಒಮ್ಮೆ ಎರಡು ತಿಂಗಳಿಗೆ, ಒಮ್ಮೆ ಹದಿನೈದು ದಿನಕ್ಕೆ. ತ್ರಾಸು ಹೆಚ್ಚಾಗಿ ಇಲ್ಲಿಂದಲೇ ಶುರು.

ಈಸ್ಟ್ರೋಜನ್, ಪ್ರೊಜೆಸ್ಟರಾನ್ ಎಂಬ ಎರಡು ಹಾರ್ಮೋನುಗಳನ್ನು ಅಂಡಾಶಯ ತಯಾರಿಸುತ್ತದೆ. ಹಾರ್ಮೋನ್ ಎಂದರೆ ರಕ್ತದಲ್ಲಿ ಹರಿದು ಹೋಗಿ ಬೇರೆ ಬೇರೆ ಅಂಗಗಳಿಗೆ ಕೆಲಸ ಹೇಳುವ ರಸ. ವಯಸ್ಸಾದಂತೆ ಅಂಡಾಶಯ ಇವನ್ನು ತಯಾರಿಸುವುದು ಕಡಿಮೆಯಾಗುತ್ತದೆ. ಕಡಿಮೆಯಾದದ್ದನ್ನು ಸ್ವಲ್ಪ ಪ್ರಮಾಣದಲ್ಲಿ ಹೊರಗಿನಿಂದ ಕೊಡುವುದೇ ಹಾರ್ಮೋನ್ ಚಿಕಿತ್ಸೆ. ಚೀಟಿಯಲ್ಲಿ ವೈದ್ಯರು ಎಚ್‌ಆರ್‌ಟಿ ಅಥವಾ ಎಂಎಚ್‌ಟಿ ಎಂದು ಬರೆದಿದ್ದರೆ ಅದು ಇದೇ.

ಹಂತ 1: ಇದು ಮುಟ್ಟು ನಿಲ್ಲುವ ತ್ರಾಸೇ ಹೌದೋ ನೋಡಿಕೊಳ್ಳಿ

ಏಪ್ರಿಲ್‌ನಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವ ಯಾರಿಗಾದರೂ ಬೆವರು ಇಳಿಯುತ್ತದೆ. ಋತುಬಂಧದ ಝಳ ಬೇರೆ ಥರ. ಅದು ಎದೆಯಿಂದ ಹೊರಟು ಕುತ್ತಿಗೆಗೆ, ಮುಖಕ್ಕೆ, ಕಿವಿಗೆ ಏರುತ್ತದೆ. ಒಂದರಿಂದ ಐದು ನಿಮಿಷ ಮೈ ಉರಿದು, ಬೆವರು ಕಿತ್ತುಕೊಂಡು, ಆಮೇಲೆ ಚಳಿ ಹಿಡಿದಂತಾಗುತ್ತದೆ. ಮಾರ್ಗಶಿರದ ಚಳಿಯಲ್ಲಿ ನಸುಕಿನ ನಾಲ್ಕಕ್ಕೆ ಕೌದಿ ಒದ್ದು ಎದ್ದು ಕೂತು, ಐದು ನಿಮಿಷದಲ್ಲಿ ಮತ್ತೆ ಅದೇ ಕೌದಿ ಎಳೆದುಕೊಂಡರೆ ಅದು ಬಿಸಿಲಿನ ಕೆಲಸವಲ್ಲ. ಮೈಯ ಕಾವನ್ನು ಹತೋಟಿಯಲ್ಲಿಡುವ ಮಿದುಳಿನ ಭಾಗ ಈಸ್ಟ್ರೋಜನ್ ಇಳಿದಾಗ ಅತಿ ಸೂಕ್ಷ್ಮವಾಗುತ್ತದೆ. ಕಾವು ಒಂದಿಷ್ಟೇ ಏರಿದರೂ ಮೈ ಪೂರ್ತಿ ಬಿಸಿಯಾಗಿದೆ ಎಂದು ತಿಳಿದು ಬೆವರು ಬಿಡಿಸುತ್ತದೆ.

ಇದರ ಜೊತೆ ನಿದ್ದೆ ಕೆಡುವುದು, ಎದೆ ಡವಡವ ಎನ್ನುವುದು, ಸಣ್ಣ ಮಾತಿಗೂ ಸಿಟ್ಟು ಅಥವಾ ಅಳು, ಕೀಲು ನೋವು, ಮರೆವು, ಯೋನಿ ಒಣಗಿ ಉರಿಯುವುದು, ಗಂಡನ ಜೊತೆ ಕೂಡುವಾಗ ನೋವು, ಮೂತ್ರಕ್ಕೆ ಪದೇ ಪದೇ ಓಡುವುದು ಎಲ್ಲವೂ ಇರಬಹುದು. ಕೊನೆಯ ಮೂರನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ಅವಕ್ಕೆ ಬಹಳ ಸುಲಭದ ಮದ್ದು ಇದೆ, ಮುಂದೆ ಹೇಳುತ್ತೇನೆ.

ಒಂದು ತಿಂಗಳು ಲೆಕ್ಕ ಇಡಿ. ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರೇ ಸಾಕು. ಝಳ ಬಂದಾಗಲೆಲ್ಲ ಆ ದಿನದ ಮನೆಯಲ್ಲಿ ಒಂದು ಗೀಟು. ರಾತ್ರಿ ಎದ್ದರೆ ಒಂದು ಚುಕ್ಕೆ. ಮುಟ್ಟಾದರೆ ಸುತ್ತ ಒಂದು ಗೆರೆ. ತಿಂಗಳ ಕೊನೆಗೆ ಅದರ ಫೋಟೊ ತೆಗೆದಿಟ್ಟುಕೊಳ್ಳಿ.

ಇಲ್ಲೇ ಒಂದು ಎಚ್ಚರಿಕೆ. ನಡುವಯಸ್ಸಿನ ಎಲ್ಲ ತ್ರಾಸನ್ನೂ ಋತುಬಂಧದ ತಲೆಗೆ ಕಟ್ಟಬೇಡಿ. ಥೈರಾಯ್ಡ್ ಹೆಚ್ಚಾದರೂ ಬೆವರು ಮತ್ತು ಎದೆಬಡಿತ ಹೆಚ್ಚುತ್ತವೆ. ರಕ್ತ ಕಡಿಮೆಯಾದರೆ ಸುಸ್ತು, ಎದೆಬಡಿತ ಬರುತ್ತದೆ. ರಾತ್ರಿ ಬೆವರುವುದರ ಜೊತೆ ಸಂಜೆ ಜ್ವರ, ಎರಡು ವಾರಕ್ಕಿಂತ ಹೆಚ್ಚು ಕೆಮ್ಮು, ತೂಕ ಇಳಿಯುವುದು ಇದ್ದರೆ ಮೊದಲು ಕಫ ಪರೀಕ್ಷೆ ಆಗಲೇಬೇಕು, ಅದು ಕ್ಷಯ ಇರಬಹುದು. ಸಕ್ಕರೆ ಕಾಯಿಲೆಯ ಗುಳಿಗೆ ನುಂಗುವವರಿಗೆ ಸಕ್ಕರೆ ಏಕಾಏಕಿ ಇಳಿದಾಗಲೂ ಹೀಗೇ ಬೆವರುತ್ತದೆ.

45 ದಾಟಿ, ಮುಟ್ಟು ಏರುಪೇರಾಗಿ, ಝಳವೂ ಇದ್ದರೆ ಹಾರ್ಮೋನ್ ರಕ್ತಪರೀಕ್ಷೆ ಸಾಮಾನ್ಯವಾಗಿ ಬೇಕಿಲ್ಲ. ಆ ವಯಸ್ಸಿನಲ್ಲಿ ಹಾರ್ಮೋನ್ ಇವತ್ತು ಒಂದು, ನಾಳೆ ಒಂದು ತೋರಿಸುತ್ತದೆ. ಲ್ಯಾಬಿನವರ ಪ್ಯಾಕೇಜಿಗೆ ದುಡ್ಡು ಸುರಿಯುವ ಮೊದಲು ಇದನ್ನು ವೈದ್ಯರಿಗೆ ಕೇಳಿ. 45ಕ್ಕಿಂತ ಮೊದಲೇ ಮುಟ್ಟು ನಿಂತಿದ್ದರೆ ಮಾತ್ರ ಪರೀಕ್ಷೆ ಬೇಕು, ಅದರಲ್ಲೂ 40ಕ್ಕಿಂತ ಮೊದಲು ನಿಂತಿದ್ದರೆ ತಪ್ಪಿಸಲೇಬಾರದು.

ಹಂತ 2: ಟ್ರಂಕಿನಲ್ಲಿರುವ ಹಳೆಯ ಕಾಗದ ಹುಡುಕಿ

ವಿಜಯಪುರ, ಬಾಗಲಕೋಟೆ, ಬೆಳಗಾವಿ, ನಮ್ಮ ಈ ಮೂರೂ ಜಿಲ್ಲೆಗಳಲ್ಲಿ ಇದು ಎಲ್ಲಕ್ಕಿಂತ ದೊಡ್ಡ ಹಂತ. ಕಬ್ಬು ಕಡಿಯಲು ಹೋಗುವವರು, ಮಗ್ಗದವರು, ಹೊಲದ ಕೂಲಿಯವರು, ಎಷ್ಟೋ ಹೆಣ್ಣುಮಕ್ಕಳು ಮೂವತ್ತರ ಆಚೀಚೆಯಲ್ಲೇ “ಬಿಳಿ ಮುಟ್ಟ ಭಾಳ ಹೋಗತಿತ್ರಿ, ಗಡ್ಡಿ ಐತಿ ಅಂದ್ರು, ಚೀಲ ತಗದ್ರು” ಎನ್ನುತ್ತಾರೆ. ಹಾಗಿದ್ದರೆ ಅಂಡಾಶಯ? “ಅದೇನ್ ಗೊತ್ತಿಲ್ರಿ.” ಚಿಕಿತ್ಸೆಯ ನಿರ್ಧಾರ ನಿಂತಿರುವುದೇ ಈ ಗೊತ್ತಿಲ್ಲದ ಸಂಗತಿಯ ಮೇಲೆ.

ಕಾರಣ ಹೀಗಿದೆ. ಗರ್ಭಚೀಲ ಮಾತ್ರ ತೆಗೆದು ಅಂಡಾಶಯ ಉಳಿಸಿದ್ದರೆ ಮುಟ್ಟು ನಿಂತರೂ ಹಾರ್ಮೋನ್ ತಯಾರಾಗುತ್ತಲೇ ಇರುತ್ತದೆ. ಅದು ನಿಜವಾದ ಋತುಬಂಧವಲ್ಲ. ಅಂಡಾಶಯ ಕೈಕೊಡುವುದು ಇನ್ನೂ ಕೆಲವು ವರ್ಷಗಳ ಮೇಲೆ. ಉಳಿದವರಿಗಿಂತ ಸ್ವಲ್ಪ ಬೇಗ ಆಗಬಹುದು. ಎರಡೂ ಅಂಡಾಶಯ ತೆಗೆದಿದ್ದರೆ ಆಪರೇಷನ್ ಆದ ಕೆಲವೇ ದಿನಗಳಲ್ಲಿ ಝಳ ಶುರುವಾಗುತ್ತದೆ, ಬಹಳ ಜೋರಾಗಿಯೇ ಶುರುವಾಗುತ್ತದೆ. ಇಷ್ಟು ಬೇಗ ಈಸ್ಟ್ರೋಜನ್ ಕಳೆದುಕೊಂಡವರಿಗೆ ಝಳದ ತ್ರಾಸು ಒಂದೇ ಅಲ್ಲ, ಎಲುಬು ಬೇಗ ಸವೆಯುತ್ತದೆ, ಹೃದಯದ ಕಾಯಿಲೆಯ ಸಾಧ್ಯತೆಯೂ ಹೆಚ್ಚುತ್ತದೆ. ಆದ್ದರಿಂದ 45ಕ್ಕಿಂತ ಮೊದಲು ಹೀಗಾದವರಿಗೆ, ಬೇರೆ ಅಡ್ಡಿ ಇಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ಹಾರ್ಮೋನ್ ತೆಗೆದುಕೊಳ್ಳಲು ಜಗತ್ತಿನ ಎಲ್ಲ ಮುಖ್ಯ ವೈದ್ಯಕೀಯ ಮಾರ್ಗಸೂಚಿಗಳೂ ಹೇಳುತ್ತವೆ. ಕ್ಯಾನ್ಸರ್ ಭಯದ ಲೆಕ್ಕಗಳು ಐವತ್ತು ದಾಟಿದವರದು. 34ಕ್ಕೆ ಅಂಡಾಶಯ ತೆಗೆಸಿದವರು ಆ ಲೆಕ್ಕ ನೋಡಿ ಹೆದರಬಾರದು. ಇದನ್ನು ನಾನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಎಲ್ಲರಿಗಿಂತ ಹೆಚ್ಚು ಬೇಕಾದವರೇ ಎಲ್ಲರಿಗಿಂತ ಕಡಿಮೆ ಕೇಳುತ್ತಾರೆ.

ಡಿಸ್ಚಾರ್ಜ್ ಕಾರ್ಡ್ ತೆಗೆದು ನೋಡಿ. ಅದರಲ್ಲಿ ಟಿಎಎಚ್, ವಿಎಚ್ ಅಥವಾ ಟಿಎಲ್‌ಎಚ್ ಎಂದಿದ್ದರೆ ಗರ್ಭಚೀಲ ತೆಗೆದಿದ್ದಾರೆ. ಅದರ ಮುಂದೆ ಬಿಎಸ್‌ಒ ಎಂಬ ಮೂರಕ್ಷರ ಇದ್ದರೆ ಎರಡೂ ಕಡೆಯ ಅಂಡಾಶಯ ಮತ್ತು ಅಂಡನಾಳ ತೆಗೆದಿದ್ದಾರೆ. ಯುಎಸ್‌ಒ ಎಂದಿದ್ದರೆ ಒಂದೇ ಕಡೆಯದು. ಬಿಎಸ್ ಎಂದಷ್ಟೇ ಇದ್ದರೆ ನಾಳ ಮಾತ್ರ ತೆಗೆದಿದ್ದಾರೆ, ಅಂಡಾಶಯ ಉಳಿದಿದೆ. ಒಂದು ಅಕ್ಷರದಲ್ಲಿ ಅಷ್ಟು ಫರಕು, ಆದ್ದರಿಂದ ನೀವೇ ಓದಿ ಮುಗಿಸದೆ ವೈದ್ಯರಿಗೂ ತೋರಿಸಿ. ತೆಗೆದ ಗಡ್ಡಿಯ ಬಯಾಪ್ಸಿ ರಿಪೋರ್ಟ್ ಇದ್ದರೆ ಇನ್ನೂ ಒಳ್ಳೆಯದು. ಯಾಕೆ ತೆಗೆದರು ಎನ್ನುವುದು ಅದರಲ್ಲಿ ತಿಳಿಯುತ್ತದೆ. ಕಾಗದ ಕಳೆದಿದ್ದರೆ ಆಪರೇಷನ್ ಆದ ಆಸ್ಪತ್ರೆಯಲ್ಲಿ ವರ್ಷ ಹೇಳಿ ದಾಖಲೆಯ ನಕಲು ಕೇಳಿ. ಅದೂ ಆಗದಿದ್ದರೆ ಸ್ಕ್ಯಾನಿಂಗ್ ಮತ್ತು ಎಫ್‌ಎಸ್‌ಎಚ್ ಎಂಬ ರಕ್ತಪರೀಕ್ಷೆ ದಾರಿ ತೋರಿಸುತ್ತವೆ. ಅಂಡಾಶಯ ಸುಮ್ಮನಾದಾಗ ಎಫ್‌ಎಸ್‌ಎಚ್ ಏರುತ್ತದೆ.

ಗರ್ಭಚೀಲ ಇದೆಯೋ ಇಲ್ಲವೋ ಎನ್ನುವುದು ಇನ್ನೊಂದು ಕಾರಣಕ್ಕೂ ಮುಖ್ಯ. ಚೀಲ ಇದ್ದವರಿಗೆ ಬರೀ ಈಸ್ಟ್ರೋಜನ್ ಕೊಟ್ಟರೆ ಚೀಲದ ಒಳಪದರ ದಪ್ಪವಾಗುತ್ತಾ ಹೋಗಿ ಅಲ್ಲಿ ಕ್ಯಾನ್ಸರ್ ಆಗಬಹುದು. ಅದನ್ನು ತಡೆಯುವುದಕ್ಕೇ ಜೊತೆಗೆ ಪ್ರೊಜೆಸ್ಟರಾನ್ ಕೊಡುವುದು. ಚೀಲ ಇಲ್ಲದವರಿಗೆ ಸಾಮಾನ್ಯವಾಗಿ ಈಸ್ಟ್ರೋಜನ್ ಒಂದೇ ಸಾಕು. ಎಂಡೊಮೆಟ್ರಿಯೋಸಿಸ್, ಅಂದರೆ ಚೀಲದ ಪದರದಂಥದ್ದು ಚೀಲದ ಹೊರಗೆ ಬೆಳೆಯುವ ಕಾಯಿಲೆ, ಇದ್ದವರಿಗೆ ಮಾತ್ರ ಎರಡೂ ಬೇಕಾಗಬಹುದು. ಹೀಗಾಗಿ ನಿಮ್ಮ ತಂಗಿಗೆ ಬರೆದ ಗುಳಿಗೆ ನಿಮಗೆ ಸಲ್ಲುವುದಿಲ್ಲ.

ಹಂತ 3: ನಿಮ್ಮ ತ್ರಾಸು ನಿಮಗೆ ಎಷ್ಟು?

ಮುಟ್ಟು ನಿಂತ ಎಲ್ಲರಿಗೂ ಚಿಕಿತ್ಸೆ ಬೇಕಿಲ್ಲ. ದಿನಕ್ಕೆ ಒಂದೆರಡು ಸಲ ಮುಖ ಬಿಸಿಯಾಗಿ ಹೋದರೆ ಹಾಗೇ ಇರಬಹುದು. ರಾತ್ರಿ ನಾಲ್ಕು ಸಲ ಎದ್ದು, ಹಗಲು ಮಗ್ಗದ ಮುಂದೆ ತೂಕಡಿಸಿ ಎಳೆ ತಪ್ಪುತ್ತಿದ್ದರೆ, ಶಾಲೆಯಲ್ಲಿ ಪಾಠ ಮಾಡುವಾಗ ಮಾತು ಮರೆಯುತ್ತಿದ್ದರೆ, ಮನೆಯವರ ಮೇಲೆ ರೇಗಿ ಆಮೇಲೆ ಒಬ್ಬರೇ ಅಳುತ್ತಿದ್ದರೆ ಅದು ಚಿಕಿತ್ಸೆಗೆ ತಕ್ಕ ತ್ರಾಸು. “ನಮ್ಮವ್ವ ತಡಕೊಂಡಿದ್ಲು, ನೀನೂ ತಡಕೋ” ಎನ್ನುವ ಮಾತಿಗೆ ಕಿವಿಗೊಡಬೇಡಿ. ಝಳ ಒಂದೆರಡು ತಿಂಗಳಿಗೆ ಮುಗಿಯುವುದಲ್ಲ. ಅಮೆರಿಕದಲ್ಲಿ ನಡೆದ ದೊಡ್ಡ ಅಧ್ಯಯನವೊಂದರಲ್ಲಿ ಅರ್ಧದಷ್ಟು ಹೆಂಗಸರಿಗೆ ಅದು 7 ವರ್ಷಕ್ಕೂ ಹೆಚ್ಚು ಕಾಲ ಇತ್ತು.

ಹಾರ್ಮೋನ್ ಚಿಕಿತ್ಸೆ ಯಾವುದಕ್ಕೆ ಕೆಲಸ ಮಾಡುತ್ತದೆ? ಝಳ ಮತ್ತು ರಾತ್ರಿಯ ಬೆವರಿಗೆ ಇದರಷ್ಟು ಪರಿಣಾಮದ ಮದ್ದು ಬೇರೆ ಇಲ್ಲ. ಅದರಿಂದ ಕೆಟ್ಟ ನಿದ್ದೆ ಸರಿಹೋಗುತ್ತದೆ. ಯೋನಿಯ ಒಣಗುವಿಕೆ ಕಡಿಮೆಯಾಗುತ್ತದೆ. ಎಲುಬು ಸವೆಯುವುದು ನಿಧಾನವಾಗಿ, ಮುರಿಯುವ ಸಾಧ್ಯತೆ ತಗ್ಗುತ್ತದೆ. ಚರ್ಮ ಹೊಳೆಯಲಿ, ತೂಕ ಇಳಿಯಲಿ, ಹೃದಯಾಘಾತ ಬರದಿರಲಿ, ಮರೆವಿನ ಕಾಯಿಲೆ ಬರದಿರಲಿ ಎಂದು ಮಾತ್ರ ತೆಗೆದುಕೊಳ್ಳುವಂಥದ್ದಲ್ಲ ಇದು.

ಹಂತ 4: ಯಾರಿಗೆ ಬೇಡ?

ಇವುಗಳಲ್ಲಿ ಒಂದಿದ್ದರೂ ಮೈಗೆಲ್ಲ ಹರಡುವ ಹಾರ್ಮೋನನ್ನು ಸಾಮಾನ್ಯವಾಗಿ ಕೊಡುವುದಿಲ್ಲ: ಸ್ತನ ಕ್ಯಾನ್ಸರ್ ಆಗಿದ್ದವರು ಅಥವಾ ಅನುಮಾನ ಇರುವವರು, ಗರ್ಭಚೀಲದ ಒಳಪದರದ ಕ್ಯಾನ್ಸರ್ ಆಗಿದ್ದವರು, ಕಾಲಿನ ಅಥವಾ ಪುಪ್ಪುಸದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಲಕ್ವಾ ಹೊಡೆದಿದ್ದವರು, ಹೃದಯಾಘಾತ ಆಗಿದ್ದವರು, ಲಿವರ್ ಕಾಯಿಲೆ ಜೋರಾಗಿರುವವರು, ಕಾರಣ ತಿಳಿಯದ ರಕ್ತಸ್ರಾವ ಇರುವವರು.

ಕೊನೆಯದರ ಬಗ್ಗೆ ಒಂದು ಮಾತು. ವರ್ಷವಿಡೀ ನಿಂತಿದ್ದ ಮುಟ್ಟು “ಮತ್ತ ಬಂತು” ಎಂದು ಸಮಾಧಾನಪಟ್ಟುಕೊಳ್ಳುವವರನ್ನು ಕಂಡಿದ್ದೇನೆ. ಅದು ಮುಟ್ಟಲ್ಲ. ಒಂದು ಹನಿ ಕಲೆಯಾದರೂ ವೈದ್ಯರಿಗೆ ತೋರಿಸಬೇಕು. ಒಳಗಿನಿಂದ ಸ್ಕ್ಯಾನ್ ಮಾಡಿ ಪದರದ ದಪ್ಪ ನೋಡುತ್ತಾರೆ, 4 ಮಿಲಿಮೀಟರಿಗಿಂತ ಹೆಚ್ಚಿದ್ದರೆ ತುಣುಕು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಇದು ಮುಗಿಯುವ ತನಕ ಹಾರ್ಮೋನಿನ ಮಾತೇ ಬೇಡ.

ಸಕ್ಕರೆ ಕಾಯಿಲೆ, ಹತೋಟಿಯಲ್ಲಿರುವ ಬಿಪಿ, ಮೈಗ್ರೇನ್ ತಲೆನೋವು, ಬೊಜ್ಜು ಇವು ಪೂರ್ತಿ ಅಡ್ಡಿಯಲ್ಲ. ರೂಪ ಮತ್ತು ಪ್ರಮಾಣ ಬದಲಾಗುತ್ತದೆ. ತಾಯಿಗೋ ಅಕ್ಕನಿಗೋ ಸ್ತನ ಕ್ಯಾನ್ಸರ್ ಇದ್ದರೆ ತಾನಾಗಿಯೇ ಬಾಗಿಲು ಮುಚ್ಚುವುದಿಲ್ಲ, ಆದರೆ ಯಾರಿಗೆ, ಯಾವ ವಯಸ್ಸಿಗೆ ಬಂತು ಎಂದು ಬಿಡಿಸಿ ಹೇಳಬೇಕು. ತಂಬಾಕು ಅಗಿಯುವುದು, ಮಿಶ್ರಿ ತಿಕ್ಕುವುದು, ನಶ್ಯ ಏರಿಸುವುದು ಇದ್ದರೆ ನಾಚಿಕೆಪಟ್ಟು ಮುಚ್ಚಿಡಬೇಡಿ.

ಹಂತ 5: ಕ್ಯಾನ್ಸರ್ ಭಯವನ್ನು ಲೆಕ್ಕಕ್ಕೆ ಇಳಿಸಿ

ಈ ಭಯ ಎಲ್ಲಿಂದ ಬಂತು? 2002ರ ಜುಲೈನಲ್ಲಿ ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಎಂಬ ಭಾರಿ ಅಧ್ಯಯನದ ಒಂದು ಭಾಗವನ್ನು ನಡುವೆಯೇ ನಿಲ್ಲಿಸಿದರು. 16,608 ಹೆಂಗಸರ ಮೇಲೆ ನಡೆದ ಪ್ರಯೋಗ ಅದು. ಎರಡೂ ಹಾರ್ಮೋನ್ ಸೇರಿದ ಗುಳಿಗೆ ನುಂಗಿದವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಾಗಿ ಕಂಡಿತ್ತು. ಸುದ್ದಿ ಜಗತ್ತಿಗೆಲ್ಲ ಹರಡಿತು, ಲಕ್ಷಾಂತರ ಜನ ಗುಳಿಗೆ ಬಿಟ್ಟರು. ಎಷ್ಟು ಹೆಚ್ಚು ಎನ್ನುವುದು ಮಾತ್ರ ಅಷ್ಟಾಗಿ ಹರಡಲಿಲ್ಲ.

ಎಷ್ಟು? 10,000 ಹೆಂಗಸರನ್ನು ಒಂದು ವರ್ಷ ನೋಡಿದರೆ, ಗುಳಿಗೆ ನುಂಗದವರಲ್ಲಿ 30 ಜನಕ್ಕೆ ಸ್ತನ ಕ್ಯಾನ್ಸರ್, ನುಂಗಿದವರಲ್ಲಿ 38 ಜನಕ್ಕೆ. ಅಂದರೆ ಹತ್ತು ಸಾವಿರಕ್ಕೆ ಎಂಟು ಹೆಚ್ಚು. ಲಕ್ವಾ 8 ಹೆಚ್ಚು, ಪುಪ್ಪುಸದಲ್ಲಿ ರಕ್ತ ಹೆಪ್ಪುಗಟ್ಟುವುದು 8 ಹೆಚ್ಚು, ಹೃದಯದ ಕಾಯಿಲೆ 7 ಹೆಚ್ಚು. ಸೊಂಟದ ಎಲುಬು ಮುರಿದದ್ದು 5 ಕಡಿಮೆ, ದೊಡ್ಡ ಕರುಳಿನ ಕ್ಯಾನ್ಸರ್ 6 ಕಡಿಮೆ. ಆ ಎಂಟು ಜನ ಸಣ್ಣ ಸಂಖ್ಯೆಯೇನಲ್ಲ. ಅದರಲ್ಲೊಬ್ಬರು ನಮ್ಮ ಮನೆಯವರಾದರೆ ನಮಗೆ ಅದೇ ನೂರಕ್ಕೆ ನೂರು. ಆದರೆ “ನುಂಗಿದ್ರ ಬಂದೇ ಬರತೈತಿ” ಎನ್ನುವ ಮಾತಿಗೂ ಈ ಲೆಕ್ಕಕ್ಕೂ ಬಹಳ ಅಂತರವಿದೆ.

ಇನ್ನೂ ಎರಡು ಸಂಗತಿ ತಿಳಿದಿರಲಿ. ಆ ಪ್ರಯೋಗದಲ್ಲಿದ್ದವರ ಸರಾಸರಿ ವಯಸ್ಸು 63. ಮುಟ್ಟು ನಿಂತು ಹತ್ತು ಹನ್ನೆರಡು ವರ್ಷವಾಗಿ, ರಕ್ತನಾಳ ಆಗಲೇ ಗಡಸಾದ ಮೇಲೆ ಗುಳಿಗೆ ಶುರು ಮಾಡಿದವರೇ ಅದರಲ್ಲಿ ಹೆಚ್ಚು. ಝಳದಿಂದ ಬಳಲುವ 48ರ ಹೆಂಗಸಿಗೆ ಆ ಲೆಕ್ಕ ಹಾಗೇ ಹೊಂದುವುದಿಲ್ಲ. ಮುಂದಿನ ವಿಶ್ಲೇಷಣೆಗಳ ಮೇಲೆ ಈಗ ಒಪ್ಪಿಕೊಂಡಿರುವ ಮಾತು ಇದು: 60ರ ಒಳಗಿದ್ದು, ಮುಟ್ಟು ನಿಂತು 10 ವರ್ಷ ದಾಟಿರದೆ, ತ್ರಾಸೂ ಇದ್ದು, ಬೇರೆ ಅಡ್ಡಿ ಇಲ್ಲದಿದ್ದರೆ, ಹಾನಿಗಿಂತ ಲಾಭ ಹೆಚ್ಚು. 60 ದಾಟಿದ ಮೇಲೆ ಹೊಸದಾಗಿ ಶುರು ಮಾಡುವುದು ಒಳ್ಳೆಯದಲ್ಲ.

ಎರಡನೆಯದು, ಅದೇ ಅಧ್ಯಯನದ ಇನ್ನೊಂದು ಭಾಗದಲ್ಲಿ ಗರ್ಭಚೀಲ ಇಲ್ಲದ 10,739 ಹೆಂಗಸರಿಗೆ ಈಸ್ಟ್ರೋಜನ್ ಒಂದನ್ನೇ ಕೊಟ್ಟಿದ್ದರು. ಅವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ. ಲಕ್ವಾ ಹೆಚ್ಚಾದ್ದರಿಂದ 2004ರಲ್ಲಿ ಅದನ್ನೂ ನಿಲ್ಲಿಸಿದರು.

ಬ್ರಿಟನ್ನಿನಲ್ಲಿ ವೈದ್ಯರು ರೋಗಿಗಳಿಗೆ ತೋರಿಸುವ ಒಂದು ಲೆಕ್ಕ ನನಗೆ ಹಿಡಿಸಿದೆ. ಅಲ್ಲಿ 50ರಿಂದ 59ರ ವಯಸ್ಸಿನ 1,000 ಹೆಂಗಸರಲ್ಲಿ ಐದು ವರ್ಷದಲ್ಲಿ 23 ಜನಕ್ಕೆ ಸ್ತನ ಕ್ಯಾನ್ಸರ್ ಬರುತ್ತದೆ. ಎರಡೂ ಹಾರ್ಮೋನ್ ತೆಗೆದುಕೊಂಡರೆ ಇನ್ನೂ 4 ಜನ ಸೇರುತ್ತಾರೆ. ಬೊಜ್ಜು ಇದ್ದರೆ ಸೇರುವವರು 24. ನಮ್ಮಲ್ಲಿ ಮೂಲ ಸಂಖ್ಯೆಯೇ ಇದಕ್ಕಿಂತ ಕಡಿಮೆ. ವರ್ಷ ಹೆಚ್ಚಿದಂತೆ ಅಪಾಯವೂ ಹೆಚ್ಚುತ್ತದೆ, ಆದ್ದರಿಂದಲೇ ವರ್ಷಕ್ಕೊಮ್ಮೆ ಕೂತು ಮತ್ತೆ ಯೋಚಿಸಬೇಕು. 2025ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಔಷಧಗಳ ಮೇಲಿದ್ದ ಕಪ್ಪು ಚೌಕಟ್ಟಿನ ಎಚ್ಚರಿಕೆಯ ಬಹುಭಾಗವನ್ನು ತೆಗೆಯುವುದಾಗಿ ಪ್ರಕಟಿಸಿದೆ. ಹಾಗೆಂದು ಅಪಾಯವೇ ಇಲ್ಲ ಎಂದು ಯಾರಾದರೂ ವಿಡಿಯೊದಲ್ಲಿ ಹೇಳಿದರೆ ಅದನ್ನೂ ನಂಬಬೇಡಿ.

ಹಂತ 6: ಯಾವ ರೂಪ?

ಗುಳಿಗೆ ಸುಲಭ, ಎಲ್ಲೆಡೆ ಸಿಗುತ್ತದೆ. ಆದರೆ ನುಂಗಿದ ಈಸ್ಟ್ರೋಜನ್ ಮೊದಲು ಲಿವರಿಗೆ ಹೋಗುವುದರಿಂದ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಸ್ವಲ್ಪ ಹೆಚ್ಚುತ್ತದೆ. ಚರ್ಮಕ್ಕೆ ಹಚ್ಚುವ ಜೆಲ್ ಅಥವಾ ಅಂಟಿಸುವ ಪ್ಯಾಚ್ ಲಿವರಿನ ದಾರಿ ತಪ್ಪಿಸಿ ನೇರ ರಕ್ತಕ್ಕೆ ಸೇರುತ್ತದೆ. ಸಾಮಾನ್ಯ ಪ್ರಮಾಣದಲ್ಲಿ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚಿದ್ದು ಅಧ್ಯಯನಗಳಲ್ಲಿ ಕಂಡಿಲ್ಲ. ತೂಕ, ಬಿಪಿ, ಸಕ್ಕರೆ, ಮೈಗ್ರೇನ್ ಇರುವವರು “ನನಗೆ ಜೆಲ್ ಆಗತೈತೇನ್ರಿ?” ಎಂದು ಬಾಯಿಬಿಟ್ಟು ಕೇಳಿ. ತಾಲೂಕಿನ ಸಣ್ಣ ಅಂಗಡಿಯಲ್ಲಿ ಜೆಲ್ ಇಲ್ಲದಿರಬಹುದು, ಮುಗಿಯುವ ವಾರ ಮೊದಲೇ ತರಿಸಲು ಹೇಳಿ. ತೋಳಿಗೋ ತೊಡೆಗೋ ಹಚ್ಚಿ, ಒಣಗುವ ತನಕ ಬಿಡಿ, ಕೈ ತೊಳೆಯಿರಿ, ಮೇಲೆ ಬಟ್ಟೆ ಇರಲಿ. ಹಚ್ಚಿದ ತೋಳಿನ ಮೇಲೆ ಮೊಮ್ಮಗುವನ್ನು ಮಲಗಿಸಿಕೊಂಡರೆ ಔಷಧ ಮಗುವಿನ ಮೈಗೂ ತಾಗುತ್ತದೆ. ಸ್ತನಕ್ಕೆ ಹಚ್ಚಲೇಬಾರದು.

ಪ್ರೊಜೆಸ್ಟರಾನ್ ಕ್ಯಾಪ್ಸೂಲ್ ನಿದ್ದೆ ತರಿಸುತ್ತದೆ, ಹಾಗಾಗಿ ರಾತ್ರಿ ಮಲಗುವಾಗ. ಮುಟ್ಟು ಇನ್ನೂ ಪೂರ್ತಿ ನಿಂತಿರದವರಿಗೆ ತಿಂಗಳಲ್ಲಿ 12–14 ದಿನ ಕೊಡುತ್ತಾರೆ, ಆಮೇಲೆ ಮುಟ್ಟಿನ ಹಾಗೆ ರಕ್ತ ಹೋಗುತ್ತದೆ, ಗಾಬರಿ ಬೇಡ. ಮುಟ್ಟು ನಿಂತು ವರ್ಷವಾದವರಿಗೆ ದಿನಾಲೂ ಕೊಡುತ್ತಾರೆ. ಕೆಲವು ಕ್ಯಾಪ್ಸೂಲುಗಳಲ್ಲಿ ಶೇಂಗಾ ಎಣ್ಣೆ ಇರುತ್ತದೆ. ಶೇಂಗಾ ಆಗದವರು ಹೇಳಲೇಬೇಕು.

ಯೋನಿ ಒಣಗುವುದು, ಉರಿ, ಪದೇ ಪದೇ ಮೂತ್ರದ ಸೋಂಕು ಇಷ್ಟೇ ಇದ್ದರೆ ಗುಳಿಗೆಯ ತನಕ ಹೋಗಬೇಕಿಲ್ಲ. ಒಳಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಇದೆ. ಸಾಮಾನ್ಯವಾಗಿ ಎರಡು ವಾರ ದಿನಾ ರಾತ್ರಿ, ಆಮೇಲೆ ವಾರಕ್ಕೆ ಎರಡು ಸಲ. ರಕ್ತಕ್ಕೆ ಸೇರುವುದು ತೀರಾ ಕಡಿಮೆ, ಜೊತೆಗೆ ಪ್ರೊಜೆಸ್ಟರಾನ್ ಬೇಕಿಲ್ಲ, 60 ದಾಟಿದವರಿಗೂ ಆಗುತ್ತದೆ. ಸ್ತನ ಕ್ಯಾನ್ಸರ್ ಆದವರು ಮಾತ್ರ ಕ್ಯಾನ್ಸರ್ ವೈದ್ಯರನ್ನು ಕೇಳಿಯೇ ಹಚ್ಚಬೇಕು.

ನಮ್ಮ ಕಡೆ ಬಹಳ ಕಾಣುವ ಒಂದು ತಪ್ಪು: ಯಲ್ಲಮ್ಮನ ಗುಡ್ಡಕ್ಕೆ ಹೋಗುವಾಗ, ಮನೆಯಲ್ಲಿ ಮದುವೆ ಇದ್ದಾಗ ಮುಟ್ಟು ಮುಂದೂಡಲು ನುಂಗುವ ಗುಳಿಗೆಯನ್ನೇ “ಹಾರ್ಮೋನ್ ಗುಳಿಗಿ” ಎಂದು ತಿಳಿದು ಝಳಕ್ಕೂ ನುಂಗುವುದು. ಅದು ಈ ಚಿಕಿತ್ಸೆಯಲ್ಲ. ಗರ್ಭ ನಿಲ್ಲದಿರಲು ನುಂಗುವ ಗುಳಿಗೆಯೂ ಇದಲ್ಲ. ಅದರ ಜೋರು ಬೇರೆ. ಹಾಗೆಯೇ ಈ ಚಿಕಿತ್ಸೆ ಗರ್ಭ ತಡೆಯುವುದಿಲ್ಲ. 50ರ ಒಳಗಿನವರು ಕೊನೆಯ ಮುಟ್ಟಿನಿಂದ ಎರಡು ವರ್ಷ, 50 ದಾಟಿದವರು ಒಂದು ವರ್ಷ ಎಚ್ಚರಿಕೆಯಿಂದಿರಬೇಕು. ಆಪರೇಷನ್ ಆದವರಿಗೆ ಆ ಚಿಂತೆ ಇಲ್ಲ.

ಹಂತ 7: ಹಾರ್ಮೋನ್ ಬೇಡ ಅಥವಾ ಆಗದು ಎಂದರೆ

ಆಗಲೂ ದಾರಿ ಇದೆ. ಖಿನ್ನತೆಗೆ ಕೊಡುವ ವೆನ್ಲಾಫ್ಯಾಕ್ಸಿನ್‌ನಂಥ ಕೆಲವು ಗುಳಿಗೆ ಕಡಿಮೆ ಪ್ರಮಾಣದಲ್ಲಿ ಝಳವನ್ನು ತಗ್ಗಿಸುತ್ತವೆ. ರಾತ್ರಿಯ ಬೆವರಿಗೆ ಗ್ಯಾಬಪೆಂಟಿನ್ ಕೊಡುತ್ತಾರೆ. ಸ್ತನ ಕ್ಯಾನ್ಸರಿಗೆ ಟಮಾಕ್ಸಿಫೆನ್ ನುಂಗುತ್ತಿರುವವರು ಖಿನ್ನತೆಯದೇ ಇನ್ನೊಂದು ಗುಳಿಗೆಯಾದ ಪ್ಯಾರೊಕ್ಸೆಟಿನ್ ತೆಗೆದುಕೊಳ್ಳಬಾರದು, ಟಮಾಕ್ಸಿಫೆನ್ನಿನ ಶಕ್ತಿಯೇ ಕುಂದುತ್ತದೆ. ಆಲೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಆಪ್ತಸಮಾಲೋಚನೆಗೂ ಝಳದ ಕಾಟ ಕಡಿಮೆ ಮಾಡುವ ಗುಣವಿದೆ. ಮನಸ್ಸು ಬಹಳ ಕುಗ್ಗಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಪುಕ್ಕಟೆ ಫೋನ್ ಮಾಡಬಹುದು.

ಅಗಸಿ ಹಿಂಡಿ, ಸೋಯಾ ತಿಂದರೆ ಝಳ ಹೋಗುತ್ತದೆಯೇ ಎಂದು ಕೇಳುತ್ತೀರಿ. ಇವುಗಳಲ್ಲಿ ಈಸ್ಟ್ರೋಜನ್ ಹೋಲುವ ಸಸ್ಯಾಂಶ ಇದೆ, ಆದರೆ ಝಳಕ್ಕೆ ಅದರ ಪರಿಣಾಮ ದುರ್ಬಲ. ರೊಟ್ಟಿಯ ಜೊತೆ ಹಿಂಡಿ ಧಾರಾಳವಾಗಿ ತಿನ್ನಿ, ಊಟಕ್ಕೆ ಅದು ಒಳ್ಳೆಯದು; ಮದ್ದೆಂದು ಅದರ ಪುಡಿ ಡಬ್ಬಿಗೆ ಸಾವಿರಗಟ್ಟಲೆ ಕೊಡಬೇಡಿ. ಎಲುಬಿಗೆ ಹಾಲು, ಮೊಸರು, ಎಳ್ಳು, ಬಿಸಿಲು ಮತ್ತು ನಡಿಗೆ, ಹಾರ್ಮೋನ್ ತೆಗೆದುಕೊಂಡರೂ ಬೇಕು, ಬಿಟ್ಟರೂ ಬೇಕು.

ಹಂತ 8: ವೈದ್ಯರ ಮುಂದೆ

ಬೆಳಗಾವಿಯ ಬಿಮ್ಸ್ ಮತ್ತು ಕೆಎಲ್‌ಇ ಆಸ್ಪತ್ರೆ, ವಿಜಯಪುರದ ಜಿಲ್ಲಾ ಆಸ್ಪತ್ರೆ ಮತ್ತು ಬಿಎಲ್‌ಡಿಇ ಆಸ್ಪತ್ರೆ, ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆ ಮತ್ತು ಕುಮಾರೇಶ್ವರ ಆಸ್ಪತ್ರೆ, ಎಲ್ಲ ಕಡೆ ಸ್ತ್ರೀರೋಗ ವಿಭಾಗ ಇದೆ. ಸೋಮವಾರ ನೂಕುನುಗ್ಗಲು, ಸಾಧ್ಯವಾದರೆ ವಾರದ ನಡುವೆ ಹೋಗಿ. ಸಿಗುವುದು ಐದೇ ನಿಮಿಷ, ಆದ್ದರಿಂದ ಒಂದು ಹಾಳೆ ಬರೆದುಕೊಂಡು ಹೋಗಿ:

ವಯಸ್ಸು. ಕೊನೆಯ ಮುಟ್ಟು ಯಾವ ತಿಂಗಳು. “ನಾಗರಪಂಚಮಿ ಮುಂದ ಆಗಿತ್ರಿ” ಎಂದರೂ ಸರಿ, ಯಾವ ವರ್ಷದ ಪಂಚಮಿ ಎಂಬುದು ಇರಲಿ. ದಿನಕ್ಕೆ ಎಷ್ಟು ಝಳ, ರಾತ್ರಿ ಎಷ್ಟು ಸಲ ಎಚ್ಚರ. ಆದ ಆಪರೇಷನ್‌ಗಳು. ಈಗ ನುಂಗುವ ಎಲ್ಲ ಗುಳಿಗೆ, ನಾಟಿ ಔಷಧವೂ ಸೇರಿ. ಮನೆತನದಲ್ಲಿ ಕ್ಯಾನ್ಸರ್, ಲಕ್ವಾ, ಹೃದಯದ ಕಾಯಿಲೆ. ಎಲ್ಲಕ್ಕಿಂತ ಮೇಲೆ ದೊಡ್ಡ ಅಕ್ಷರದಲ್ಲಿ, ನಿಮಗೆ ಬಹಳ ತ್ರಾಸು ಕೊಡುತ್ತಿರುವ ಒಂದು ಸಂಗತಿ.

ಮಗನೋ ಗಂಡನೋ ಜೊತೆಗೆ ಬಂದಿದ್ದರೆ “ಸ್ವಲ್ಪ ಹೊರಗ ಕೂಡ್ರಿ” ಎಂದು ಹೇಳುವ ಹಕ್ಕು ನಿಮಗಿದೆ. ಕೋಣೆಯಲ್ಲಿ ನರ್ಸ್ ಇದ್ದರೆ ಆಕೆಗೆ ಸನ್ನೆ ಮಾಡಿದರೂ ಸಾಕು.

ಶುರು ಮಾಡುವ ಮೊದಲು ಬಿಪಿ, ತೂಕ, ಸ್ತನ ಪರೀಕ್ಷೆ ಆಗಬೇಕು. ಸಕ್ಕರೆ, ಕೊಬ್ಬಿನಂಶ, ರಕ್ತದ ಪ್ರಮಾಣ, ಥೈರಾಯ್ಡ್, ಲಿವರ್, ಸ್ಕ್ಯಾನಿಂಗ್, ಗರ್ಭಕೊರಳಿನ ಪರೀಕ್ಷೆ, ಮ್ಯಾಮೊಗ್ರಾಂ ಎಂಬ ಸ್ತನದ ಎಕ್ಸ್-ರೇ ಇವನ್ನು ನಿಮ್ಮ ಸ್ಥಿತಿ ನೋಡಿ ಬರೆಯುತ್ತಾರೆ. 30 ದಾಟಿದವರಿಗೆ ಬಿಪಿ, ಸಕ್ಕರೆ, ಸ್ತನ ಮತ್ತು ಗರ್ಭಕೊರಳಿನ ತಪಾಸಣೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಪುಕ್ಕಟೆ ನಡೆಯುತ್ತದೆ. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ, ಇಲ್ಲೇ ಅಷ್ಟು ಮುಗಿಸಿಕೊಂಡು ದೊಡ್ಡ ಆಸ್ಪತ್ರೆಗೆ ಹೋಗಿ.

ವೈದ್ಯರು “ವಯಸ್ಸಾತು, ಇದೆಲ್ಲಾ ಇರೂದ” ಎಂದು ಮಾತು ಮುಗಿಸಿದರೆ ಕ್ಯಾಲೆಂಡರಿನ ಫೋಟೊ ತೋರಿಸಿ, “ನನಗ ಹಾರ್ಮೋನ್ ಕೊಡಾಕ ಏನ್ ಅಡ್ಡಿ ಐತ್ರಿ?” ಎಂದು ಕೇಳಿ. ಅಡ್ಡಿ ಇದ್ದರೆ ಅದರ ಹೆಸರು ಹೇಳುತ್ತಾರೆ. ಹೇಳದಿದ್ದರೆ ಇನ್ನೊಬ್ಬರನ್ನು ಕಾಣಿ.

ಹಂತ 9: ಶುರು ಮಾಡಿದ ಮೇಲೆ

ಕಡಿಮೆ ಪ್ರಮಾಣದಿಂದ ಶುರು ಮಾಡುತ್ತಾರೆ. ಝಳ ಕೆಲವು ವಾರಗಳಲ್ಲಿ ಇಳಿಯಬೇಕು, ಪೂರ್ತಿ ಪರಿಣಾಮಕ್ಕೆ ಮೂರು ತಿಂಗಳು ಕೊಡಿ. ಮೊದಲಿಗೆ ಸ್ತನ ಬಿಗಿಯುವುದು, ಹೊಟ್ಟೆ ಉಬ್ಬುವುದು, ನಡುನಡುವೆ ಕಲೆಯಾಗುವುದು ಸಾಮಾನ್ಯ. ಆರು ತಿಂಗಳು ದಾಟಿಯೂ ಅನಿಯಮಿತವಾಗಿ ರಕ್ತ ಹೋಗುತ್ತಿದ್ದರೆ, ಅಥವಾ ನಿಂತದ್ದು ಮತ್ತೆ ಶುರುವಾದರೆ ಪರೀಕ್ಷೆ ಬೇಕು. ಎರಡರಲ್ಲಿ ಪ್ರೊಜೆಸ್ಟರಾನ್ ಗುಳಿಗೆ ತುಟ್ಟಿ ಎಂದು ಅದನ್ನೊಂದೇ ಬಿಡುವವರಿದ್ದಾರೆ. ಗರ್ಭಚೀಲ ಇದ್ದವರು ಹೀಗೆ ಮಾಡಲೇಬಾರದು. ದುಡ್ಡಿನ ತೊಂದರೆ ಇದ್ದರೆ ವೈದ್ಯರಿಗೆ ಹೇಳಿ, ಬೇರೆ ಬರೆಯುತ್ತಾರೆ.

ಒಂದು ಕಾಲು ಮಾತ್ರ ಬಾತು ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆನೋವು, ಬಾಯಿ ಸೊಟ್ಟಗಾಗುವುದು, ಒಂದು ಕಡೆ ಕೈಕಾಲು ಸೋಲುವುದು, ಮಾತು ತೊದಲುವುದು: ಇವುಗಳಲ್ಲಿ ಯಾವುದಾದರೂ ಕಂಡರೆ ಗುಳಿಗೆ ನಿಲ್ಲಿಸಿ 108ಕ್ಕೆ ಫೋನ್ ಮಾಡಿ, ಬೆಳಗಾಗಲಿ ಎಂದು ಕಾಯಬೇಡಿ. ದೊಡ್ಡ ಆಪರೇಷನ್ ಇದ್ದರೆ, ಕಾಲಿಗೆ ಪ್ಲಾಸ್ಟರ್ ಹಾಕಿ ಮಲಗುವಂತಾದರೆ ಹಾರ್ಮೋನ್ ತೆಗೆದುಕೊಳ್ಳುತ್ತಿದ್ದೇನೆ ಎಂದು ಮೊದಲೇ ತಿಳಿಸಿ.

ಮೂರು ತಿಂಗಳಾದ ಮೇಲೆ ಒಂದು ಸಲ, ಆಮೇಲೆ ವರ್ಷಕ್ಕೊಮ್ಮೆ ತೋರಿಸಬೇಕು. ಬಿಪಿ, ಸ್ತನ ಪರೀಕ್ಷೆ, ಮತ್ತು “ಇನ್ನೂ ಬೇಕೇ?” ಎಂಬ ಪ್ರಶ್ನೆ. ಐದು ವರ್ಷಕ್ಕೆ ನಿಲ್ಲಿಸಲೇಬೇಕು ಎಂಬ ಕಟ್ಟಳೆ ಇಲ್ಲ, ಜೀವಮಾನವಿಡೀ ನುಂಗುವಂಥದ್ದೂ ಅಲ್ಲ. ಬಿಡುವಾಗ ಕೆಲವರಿಗೆ ಝಳ ಮರಳುತ್ತದೆ. ಮೆಲ್ಲಗೆ ಇಳಿಸುತ್ತಾ ಬಂದರೆ ಮೊದಲ ಕೆಲವು ವಾರ ಸಲೀಸಾಗುತ್ತದೆ. ನಮ್ಮ ಕಡೆಯವರು ಬಿಡುವ ಪ್ರಯತ್ನವನ್ನು ಏಪ್ರಿಲ್, ಮೇ ತಿಂಗಳಲ್ಲಿ ಮಾಡಬೇಡಿ, ಬಿಸಿಲು ಯಾವುದು ಝಳ ಯಾವುದು ಎಂದು ತಿಳಿಯುವುದಿಲ್ಲ. ದೀಪಾವಳಿ ಮುಗಿದು ಚಳಿ ಹಿಡಿದ ಮೇಲೆ ಶುರು ಮಾಡಿ, ಗೋಡೆಯ ಕ್ಯಾಲೆಂಡರಿನಲ್ಲಿ ಮತ್ತೆ ಗೀಟು ಹಾಕುತ್ತಾ ಹೋಗಿ. ಸಂಕ್ರಾಂತಿಯ ಹೊತ್ತಿಗೆ ಗೀಟುಗಳು ಮೊದಲಿನಷ್ಟೇ ತುಂಬಿದ್ದರೆ ಆ ಹಾಳೆ ಹಿಡಿದು ವೈದ್ಯರ ಹತ್ತಿರ ಹೋಗಿ.